ಮೂರು ಊರು, ಒಂದು ಪುಸ್ತಕ: ಕನ್ನಡ ಪಠ್ಯಕ್ಕೆ ಗಿಟ್ ಶುರು ಮಾಡುವುದು ಹೇಗೆ?

ಕರಡುಕಟ್ಟು:
ನಮಸ್ಕಾರ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಗದ್ಯ ಪುಸ್ತಕವೊಂದನ್ನು ಟೈಪಿಸಿ ಕರಡು ತಿದ್ದುವ ಕೆಲಸ ನಡೆದಿದೆ. ಮೂವರಿದ್ದೇವೆ: ಧಾರವಾಡದಲ್ಲಿ ಒಬ್ಬರು (ವಿಂಡೋಸ್), ತೀರ್ಥಹಳ್ಳಿ ಹತ್ತಿರ ಒಬ್ಬರು (ವಿಂಡೋಸ್, ನೆಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ), ಸಿಂಗಪುರದಲ್ಲಿ ಒಬ್ಬರು (ಮ್ಯಾಕ್). ಸುಮಾರು 140 ಕಡತಗಳು. ಕೆಲವು ಹಳೆಯ ‘ನುಡಿ’ ತಂತ್ರಾಂಶದವು, ಕೆಲವು ವರ್ಡ್, ಉಳಿದವು ನೋಟ್‌ಪ್ಯಾಡ್. ಈಗ ಜಿಪ್ ಮಾಡಿ ಮೇಲ್ ಕಳಿಸುತ್ತಿದ್ದೇವೆ, ಒಬ್ಬರ ತಿದ್ದುಪಡಿ ಮೇಲೆ ಇನ್ನೊಬ್ಬರದು ಬಿದ್ದು ಅಳಿಸಿಹೋಗುತ್ತಿದೆ. ಗಿಟ್ (ಕಡತಗಳ ಪ್ರತಿ ಬದಲಾವಣೆಯ ಚರಿತ್ರೆ ಇಡುವ ತಂತ್ರಾಂಶ) ಇದಕ್ಕೆ ಆಗುತ್ತದೆಯೇ? ಸರ್ವರ್ ಬೇಕೇ? ಎಲ್ಲಿಂದ ಶುರು ಮಾಡಬೇಕು?

ಬೇರುಕೊಂಬೆ:
ಆಗುತ್ತದೆ. ಸರ್ವರ್ ಬೇಡ, ಸದ್ಯಕ್ಕಂತೂ ಬೇಡವೇ ಬೇಡ. ಮೊದಲ ವಾರ ನೆಟ್ಟಿನ ತಂಟೆಗೇ ಹೋಗದೆ ನಿಮ್ಮ ಒಂದು ಕಂಪ್ಯೂಟರಿನಲ್ಲಿ ಮಾತ್ರ ಬಳಸಿ ನೋಡಿ.

ಸಬ್‌ವರ್ಷನ್‌ನಂಥ ಹಿಂದಿನ ವ್ಯವಸ್ಥೆಗಳಲ್ಲಿ ಚರಿತ್ರೆಯೆಲ್ಲ ಒಂದು ಸರ್ವರ್‌ನಲ್ಲಿರುತ್ತದೆ. ಕಮಿಟ್ ಮಾಡಲಿಕ್ಕೂ, ಎಂದರೆ ತಿದ್ದುಪಡಿಯನ್ನು ಚರಿತ್ರೆಯಲ್ಲಿ ದಾಖಲಿಸಲಿಕ್ಕೂ, ಅದಕ್ಕೆ ಸಂಪರ್ಕ ಬೇಕು. ಗಿಟ್‌ನಲ್ಲಿ ಪ್ರತಿಯೊಬ್ಬರ ಫೋಲ್ಡರಿನೊಳಗೂ ‘.ಗಿಟ್’ ಎಂಬ ಅಡಗಿದ ಫೋಲ್ಡರ್ ಇದ್ದು, ಮೊದಲ ದಿನದಿಂದ ಇವತ್ತಿನವರೆಗಿನ ಎಲ್ಲ ಕಮಿಟ್‌ಗಳೂ ಅದರಲ್ಲೇ ಕೂತಿರುತ್ತವೆ. ತೀರ್ಥಹಳ್ಳಿಯವರು ಮೂರು ದಿನ ನೆಟ್ ಇಲ್ಲದೆ ಇಪ್ಪತ್ತು ಕಮಿಟ್ ಮಾಡಬಹುದು, ಹಳೆಯದನ್ನು ಹೋಲಿಸಿ ನೋಡಬಹುದು, ಹಿಂದಕ್ಕೂ ಹೋಗಬಹುದು. ನೆಟ್ ಬೇಕಾಗುವುದು ಕೊಟ್ಟು ತೆಗೆದುಕೊಳ್ಳುವ ಹೊತ್ತಿಗೆ ಮಾತ್ರ.

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸುವ ಕಿಟಕಿಯಲ್ಲಿ) ಇಂಗ್ಲಿಷಿನಲ್ಲೇ ಟೈಪಿಸಿ. ಅಡ್ಡಗೆರೆಗೂ ಅದರ ಮುಂದಿನ ಪದಕ್ಕೂ ನಡುವೆ ಜಾಗ ಬಿಡಬೇಡಿ.

ಇನ್‌ಸ್ಟಾಲ್ ಆದ ಮೇಲೆ ಒಮ್ಮೆ ಮಾತ್ರ:

ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್ "ನಿಮ್ಮ ಹೆಸರು"
ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ಇಮೇಲ್ "ನಿಮ್ಮ ವಿಳಾಸ"
ಗಿಟ್ ಕಾನ್ಫಿಗ್ --ಗ್ಲೋಬಲ್ ಇನಿಟ್.ಡಿಫಾಲ್ಟ್‌ಬ್ರಾಂಚ್ ಮೇನ್
ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಎಡಿಟರ್ ನೋಟ್‌ಪ್ಯಾಡ್

ಮೂರನೆಯದು 2.28ರಿಂದ ಈಚಿನ ಆವೃತ್ತಿಗಳಲ್ಲಿ ಕೆಲಸ ಮಾಡುತ್ತದೆ. ಮೂವರೂ ಇದನ್ನು ಹಾಕಿಕೊಳ್ಳಿ, ಇಲ್ಲದಿದ್ದರೆ ಮುಖ್ಯ ಬ್ರಾಂಚ್‌ನ (ಕಮಿಟ್‌ಗಳ ಸರಣಿಯ) ಹೆಸರು ಒಬ್ಬರದು ‘ಮಾಸ್ಟರ್’, ಇನ್ನೊಬ್ಬರದು ‘ಮೇನ್’ ಆಗಿ ಮುಂದೆ ತಲೆನೋವು. ನಾಲ್ಕನೆಯದು ವಿಂಡೋಸ್‌ನವರಿಗೆ. ಸಂದೇಶ ಕೊಡದೆ ಕಮಿಟ್ ಮಾಡಿದಾಗ ವಿಮ್ ಎಡಿಟರ್ ತೆರೆದುಕೊಂಡು ಹೊಸಬರು ಅಲ್ಲೇ ಸಿಕ್ಕಿಬೀಳುತ್ತಾರೆ. ಸಿಕ್ಕಿಕೊಂಡರೆ ಎಸ್ಕೇಪ್ ಒತ್ತಿ, :ಕ್ಯೂ! ಎಂದು ಟೈಪಿಸಿ ಎಂಟರ್.

ಆಮೇಲೆ ಪುಸ್ತಕದ ಫೋಲ್ಡರಿಗೆ ಹೋಗಿ:

ಗಿಟ್ ಇನಿಟ್
ಗಿಟ್ ಸ್ಟೇಟಸ್
ಗಿಟ್ ಆಡ್ 01-ಮುನ್ನುಡಿ.ಟಿಎಕ್ಸ್‌ಟಿ
ಗಿಟ್ ಕಮಿಟ್ -ಎಂ "ಮುನ್ನುಡಿ: ಮೊದಲ ಟೈಪಿಂಗ್"

ಆಡ್ ಮತ್ತು ಕಮಿಟ್ ಎಂದು ಎರಡು ಹೆಜ್ಜೆ ಯಾಕೆ ಎನ್ನುವುದು ಎಲ್ಲರಿಗೂ ಬರುವ ಅನುಮಾನ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿ ಚೌಕಟ್ಟಿಗೆ ಬಿಗಿಯುವುದು ಬೇರೆ, ಅಚ್ಚು ಹಾಕುವುದು ಬೇರೆ. ‘ಆಡ್’ ಬಿಗಿಯುವ ಕೆಲಸ, ಆ ಜಾಗಕ್ಕೆ ಸ್ಟೇಜ್ ಎನ್ನುತ್ತಾರೆ. ‘ಕಮಿಟ್’ ಅಚ್ಚು. ಐದು ಅಧ್ಯಾಯ ತಿದ್ದಿದ್ದರೂ ಮುಗಿದ ಎರಡನ್ನೇ ಬಿಗಿದು ಅಚ್ಚು ಹಾಕಬಹುದು. ಆಡ್ ಮಾಡಿದ ಮೇಲೆ ಅದೇ ಕಡತವನ್ನು ಮತ್ತೆ ತಿದ್ದಿದರೆ ಆ ಹೊಸ ತಿದ್ದುಪಡಿ ಕಮಿಟ್‌ಗೆ ಹೋಗುವುದಿಲ್ಲ. ಇನ್ನೊಮ್ಮೆ ಆಡ್ ಮಾಡಲೇಬೇಕು. ‘ನಾನು ತಿದ್ದಿದ್ದೆನಲ್ಲ, ಎಲ್ಲಿ ಹೋಯಿತು’ ಎಂಬ ಗೊಂದಲಕ್ಕೆ ಬಹುಪಾಲು ಇದೇ ಕಾರಣ.

ಅಕ್ಷರಪಾಲ:
ಬೇರುಕೊಂಬೆಯವರು ಹೇಳಿದ್ದೆಲ್ಲ ಸರಿ, ಆದರೆ ‘ಇನಿಟ್’ಗೂ ಮೊದಲು ಒಂದು ಕೆಲಸವಿದೆ. ಕರಡುಕಟ್ಟು ಅವರೇ, ನಿಮ್ಮ ಕಡತಗಳನ್ನು ಈಗಿರುವ ಹಾಗೆಯೇ ಗಿಟ್‌ಗೆ ತುಂಬಬೇಡಿ. ತುಂಬಿದರೆ ಗಿಟ್ ಅವನ್ನು ಕಾಪಾಡುತ್ತದೆ, ಆದರೆ ಏನು ಬದಲಾಯಿತು ಎಂದು ತೋರಿಸಲಾರದು. ಆ ಹೋಲಿಕೆ ಇಲ್ಲದಿದ್ದರೆ ಕರಡು ತಿದ್ದುವವರಿಗೆ ಗಿಟ್‌ನ ಅರ್ಧ ಪ್ರಯೋಜನವೂ ಸಿಗದು.

ಹಳೆಯ ನುಡಿ ಕಡತಗಳು: ಇವುಗಳಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದನ್ನು ಕನ್ನಡದಂತೆ ಕಾಣಿಸುತ್ತದೆ, ಅಷ್ಟೆ. ಹೋಲಿಕೆಯಲ್ಲಿ ಗೀಚಿದಂಥ ಅಕ್ಷರಗಳೇ ಬರುತ್ತವೆ. ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಂಡು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ ಆಮೇಲೆ ಸೇರಿಸಿ.

ವರ್ಡ್ ಕಡತಗಳು: ಡಾಕ್ಸ್ ಎಂದರೆ ಒಳಗೆ ಒಂದು ಜಿಪ್. ಒಂದು ಕಾಮಾ ಬದಲಾದರೂ ಗಿಟ್ ‘ಬೈನರಿ ಕಡತ ಬೇರೆಯಾಗಿದೆ’ ಎಂದಷ್ಟೇ ಸಾಮಾನ್ಯವಾಗಿ ಹೇಳುತ್ತದೆ. ಇಬ್ಬರು ತಿದ್ದಿದ್ದನ್ನು ಬೆಸೆಯಲೂ ಆಗದು. ಪ್ಯಾಂಡಾಕ್ ಎಂಬ ಪರಿವರ್ತಕದಿಂದ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಬರೀ ಪಠ್ಯ) ಮಾಡಿಕೊಳ್ಳಿ. ಮುಗಿದ ಮೇಲೆ ಅದರಿಂದಲೇ ಮತ್ತೆ ಡಾಕ್ಸ್ ಅಥವಾ ಇಪಬ್ ತೆಗೆಯಬಹುದು.

ನೋಟ್‌ಪ್ಯಾಡ್ ಕಡತಗಳು: ಇಲ್ಲಿ ಒಂದು ಗುಪ್ತ ಹಳ್ಳವಿದೆ. ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂದು ಆರಿಸಿ ಉಳಿಸಿದ್ದು ವಾಸ್ತವದಲ್ಲಿ ಯುಟಿಎಫ್-16. ಅದರಲ್ಲಿ ಸೊನ್ನೆ ಬೈಟ್‌ಗಳಿರುತ್ತವೆ. ಕಡತದ ಮೊದಲ 8000 ಬೈಟ್‌ಗಳಲ್ಲಿ ಒಂದು ಸೊನ್ನೆ ಬೈಟ್ ಕಂಡರೂ ಗಿಟ್ ಅದನ್ನು ಬೈನರಿ ಎಂದೇ ಎಣಿಸುತ್ತದೆ. ತೆರೆದು, ಬಿಓಎಂ (ಕಡತದ ಮೊದಲಿಗೆ ಕೂರುವ ಕಾಣದ ಗುರುತು) ಇಲ್ಲದ ಯುಟಿಎಫ್-8 ಆಗಿ ಮತ್ತೆ ಉಳಿಸಿ. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಹೊಸ ಕಡತಗಳನ್ನು ಹಾಗೆ ಉಳಿಸುತ್ತದೆ, ಹಳೆಯವನ್ನು ಮಾತ್ರ ನೀವೇ ಬದಲಿಸಬೇಕು.

ಇನ್ನೊಂದು ಮಾತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಸಾಲಿಗೆ ಒಂದೇ ವಾಕ್ಯ ಬರೆಯಿರಿ. ಗಿಟ್ ಹೋಲಿಸುವುದು ಸಾಲು ಸಾಲಾಗಿ. ಇಡೀ ಪ್ಯಾರಾ ಒಂದೇ ಸಾಲಾಗಿದ್ದರೆ ಒಂದು ದೀರ್ಘ ತಿದ್ದಿದರೂ ಹತ್ತು ವಾಕ್ಯಗಳ ಪ್ಯಾರಾ ಪೂರ್ತಿ ಕೆಂಪು, ಪೂರ್ತಿ ಹಸಿರು. ಒಂದೇ ಪ್ಯಾರಾದ ಬೇರೆ ಬೇರೆ ವಾಕ್ಯಗಳನ್ನು ಇಬ್ಬರು ಮುಟ್ಟಿದರೂ ಘರ್ಷಣೆ. ಮಾರ್ಕ್‌ಡೌನ್‌ನಲ್ಲಿ ಪ್ಯಾರಾ ಮುರಿಯುವುದು ಖಾಲಿ ಸಾಲು ಬಂದಾಗ ಮಾತ್ರ. ಆದ್ದರಿಂದ ವಾಕ್ಯಕ್ಕೊಂದು ಸಾಲು ಮಾಡಿದರೆ ಅಚ್ಚಾದ ಪುಟದಲ್ಲಿ ಏನೂ ವ್ಯತ್ಯಾಸವಾಗದು.

ಕರಡುಕಟ್ಟು:
ತುಂಬ ಉಪಕಾರವಾಯಿತು. ಹತ್ತು ಕಡತ ಪರಿವರ್ತಿಸಿ ಕಮಿಟ್ ಮಾಡಿದೆ. ಎರಡು ತೊಂದರೆ. ಒಂದು, ಸ್ಟೇಟಸ್‌ನಲ್ಲಿ ಕಡತದ ಕನ್ನಡ ಹೆಸರಿನ ಜಾಗದಲ್ಲಿ \340\262\256 ಹೀಗೆ ಅಂಕಿಗಳು ಬರುತ್ತಿವೆ. ಎರಡು, ಒಂದು ಕಡತದಲ್ಲಿ ಒಂದೇ ಪದ ತಿದ್ದಿದರೂ ಎಲ್ಲ ಸಾಲೂ ಬದಲಾಗಿದೆ ಎನ್ನುತ್ತಿದೆ.

ಅಕ್ಷರಪಾಲ:
ಮೊದಲನೆಯದಕ್ಕೆ ಗಾಬರಿ ಬೇಡ, ಹೆಸರು ಕೆಟ್ಟಿಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ಇಂಗ್ಲಿಷೇತರ ಬೈಟ್‌ಗಳನ್ನು ಗಿಟ್ ಮಾಮೂಲಿಯಾಗಿ ಎಂಟರ ಮಾನದ ಅಂಕಿಗಳಲ್ಲಿ ತೋರಿಸುತ್ತದೆ. ನೀವು ಕೊಟ್ಟ ಮೂರು ಅಂಕಿಗಳೆಂದರೆ ‘ಮ’. ಇದು ಸಾಕು:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಎರಡನೆಯದು ಸಾಲಿನ ಕೊನೆಯ ಗುರುತಿನ ವಿಷಯ. ವಿಂಡೋಸ್ ಪ್ರತಿ ಸಾಲಿನ ತುದಿಗೆ ಎರಡು ಗುರುತು ಹಾಕುತ್ತದೆ, ಮ್ಯಾಕ್ ಒಂದು. ಯಾವುದೋ ಎಡಿಟರ್ ಉಳಿಸುವಾಗ ಅದನ್ನು ಬದಲಿಸಿದೆ. ಒಬ್ಬೊಬ್ಬರ ಸೆಟ್ಟಿಂಗ್ ನಂಬಬೇಡಿ, ರಿಪೊದ (ಗಿಟ್ ಕಾಯುವ ಫೋಲ್ಡರಿನ) ಒಳಗೇ ನಿಯಮ ಇಡಿ. ‘.ಗಿಟ್‌ಆಟ್ರಿಬ್ಯೂಟ್ಸ್’ ಎಂಬ ಕಡತ ಮಾಡಿ ಅದರಲ್ಲಿ ಒಂದೇ ಸಾಲು:

* ಟೆಕ್ಸ್ಟ್=ಆಟೋ ಇಓಎಲ್=ಎಲ್‌ಎಫ್

ಆಮೇಲೆ ‘ಗಿಟ್ ಆಡ್ --ರೀನಾರ್ಮಲೈಸ್ .’ ಕೊಟ್ಟು, ‘.ಗಿಟ್‌ಆಟ್ರಿಬ್ಯೂಟ್ಸ್’ ಕಡತವನ್ನೂ ಆಡ್ ಮಾಡಿ ಕಮಿಟ್ ಮಾಡಿ. ಈ ಕಮಿಟ್‌ನಲ್ಲಿ ಬೇರೆ ಯಾವ ತಿದ್ದುಪಡಿಯನ್ನೂ ಬೆರೆಸಬೇಡಿ. ಸಾವಿರ ಸಾಲುಗಳ ಗದ್ದಲದಲ್ಲಿ ನಿಜವಾದ ತಿದ್ದುಪಡಿ ಯಾರ ಕಣ್ಣಿಗೂ ಬೀಳದು.

ಕರಡು ನೋಡುವಾಗ ‘ಗಿಟ್ ಡಿಫ್ --ವರ್ಡ್-ಡಿಫ್=ಕಲರ್’ ಬಳಸಿ. ಬದಲಾದ ಪದಗಳಿಗಷ್ಟೇ ಬಣ್ಣ ಬರುತ್ತದೆ. ಪದಗಳ ನಡುವಿನ ಖಾಲಿ ಜಾಗ ನೋಡಿ ಒಡೆಯುವುದರಿಂದ ಕನ್ನಡಕ್ಕೂ ಸರಿಹೊಂದುತ್ತದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಚದುರಿದಂತೆ ಕಂಡರೆ ಅದು ಟರ್ಮಿನಲ್‌ನ ದೋಷ, ಕಡತ ಸರಿಯಾಗಿಯೇ ಇರುತ್ತದೆ.

ಕಣ್ಣಿಗೆ ಎರಡೂ ಸಾಲು ಒಂದೇ ಥರ ಕಂಡು, ಗಿಟ್ ಮಾತ್ರ ಬೇರೆ ಎನ್ನುತ್ತಿದ್ದರೆ ಕಾಣದ ಸಂಕೇತಗಳನ್ನು ಅನುಮಾನಿಸಿ. ‘ಗಿಟ್‌ನಲ್ಲಿ’ ಎಂಬ ಪದದಲ್ಲಿ ‘ಟ’ದ ಕೆಳಗೆ ನ-ಒತ್ತು ಬಾರದಂತೆ ತಡೆಯುವ ಅಗಲವಿಲ್ಲದ ಸಂಕೇತವೊಂದಿದೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಅನಗತ್ಯ ಜಾಗಗಳಲ್ಲೂ ಹಾಕುತ್ತದೆ. ಎಲ್ಲಿ ಇರಬೇಕು, ಎಲ್ಲಿ ಕೂಡದು ಎಂದು ಮೂವರೂ ಮಾತಾಡಿಕೊಂಡು ಒಂದೇ ಸಲ ಎಲ್ಲ ಕಡತಗಳನ್ನೂ ಶುದ್ಧ ಮಾಡಿ. ಅದಕ್ಕೂ ಪ್ರತ್ಯೇಕ ಕಮಿಟ್.

ಹಳೇಸೇತುವೆ:
ಹೊಸಬರಿಗೆ ಗಿಟ್‌ನಂಥದೇ ಇನ್ನೊಂದು ತಂತ್ರಾಂಶ ಮರ್ಕ್ಯೂರಿಯಲ್ ಸುಲಭವಲ್ಲವೇ? ಸ್ಟೇಜ್ ಎಂಬ ನಡುಮನೆಯೇ ಇಲ್ಲ, ಆಜ್ಞೆಗಳು ಸ್ಪಷ್ಟ. ಬರಹಗಾರರಿಗೆ ಗಿಟ್‌ನ ಭಾರ ಯಾಕೆ?

ಬೇರುಕೊಂಬೆ:
ಕಲಿಯಲು ಅದು ಸುಲಭ, ಒಪ್ಪುತ್ತೇನೆ. ಎರಡೂ ಒಂದೇ ಕಾಲದ ಕೂಸುಗಳು. ಲಿನಕ್ಸ್ ಕರ್ನೆಲ್ ತಂಡ 2002ರಿಂದ ಬಳಸುತ್ತಿದ್ದ ಇಂಥದೇ ಬಿಟ್‌ಕೀಪರ್ ತಂತ್ರಾಂಶದ ಉಚಿತ ಪರವಾನಗಿ 2005ರಲ್ಲಿ ನಿಂತುಹೋದಾಗ, ಆ ಏಪ್ರಿಲ್‌ನಲ್ಲೇ ಲೀನಸ್ ಟೋರ್ವಾಲ್ಡ್ಸ್ ಗಿಟ್ ಶುರು ಮಾಡಿದರು, ಅದೇ ತಿಂಗಳು ಮರ್ಕ್ಯೂರಿಯಲ್ ಕೂಡ ಹೊರಬಂತು. ಆದರೆ ತೊಡಕಿನಲ್ಲಿ ಸಿಕ್ಕಾಗ ಅಕ್ಕಪಕ್ಕದಲ್ಲಿ ಕೇಳಲು ಜನ ಬೇಕು, ಇಟ್ಟುಕೊಳ್ಳಲು ತಾಣ ಬೇಕು. ಅಂಥ ತಾಣವಾದ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯೂರಿಯಲ್ ಬೆಂಬಲ ನಿಲ್ಲಿಸಿತು. ಮೂವರಲ್ಲಿ ಯಾರಿಗೂ ಮೊದಲೇ ಅಭ್ಯಾಸವಿಲ್ಲ ಎಂದಾಗ ಗಿಟ್ ಹೇಳುವುದೇ ನನಗೆ ಸರಿ ಅನಿಸುತ್ತದೆ.

ಕರಡುಕಟ್ಟು:
ತೀರ್ಥಹಳ್ಳಿಯವರಿಗೆ ಹೇಗೆ ತಲುಪಿಸುವುದು? ಪೆನ್‌ಡ್ರೈವ್ ಆಗುತ್ತದೆಯೇ? ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಹಾಕಿಬಿಟ್ಟರೆ?

ಮಳೆಬಿಲ್ಲೆ:
ಡ್ರೈವ್, ಡ್ರಾಪ್‌ಬಾಕ್ಸ್ ಥರದ ಸಿಂಕ್ ಫೋಲ್ಡರಿನಲ್ಲಿ ಗಿಟ್ ರಿಪೊ ಇಡಬೇಡಿ. ಒಂದು ಕಮಿಟ್‌ಗೆ ‘.ಗಿಟ್’ ಒಳಗೆ ಹಲವು ಸಣ್ಣ ಕಡತಗಳು ಒಟ್ಟಿಗೆ ಬದಲಾಗುತ್ತವೆ. ಸಿಂಕ್ ಅವನ್ನು ತನಗೆ ತೋಚಿದ ಕ್ರಮದಲ್ಲಿ ಒಂದೊಂದಾಗಿ ಸಾಗಿಸುತ್ತದೆ. ಇಬ್ಬರು ಒಂದೇ ಹೊತ್ತಿಗೆ ಕಮಿಟ್ ಮಾಡಿದರೆ ಬ್ರಾಂಚ್‌ನ ತುದಿ ಹೇಳುವ ಕಡತಕ್ಕೇ ಎರಡು ಪ್ರತಿ ಹುಟ್ಟಿ ರಿಪೊ ಕೆಡುತ್ತದೆ. ಈಗಾಗಲೇ ಇಟ್ಟಿದ್ದರೆ ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿ ತಪ್ಪಿದೆಯೇ ನೋಡಿ.

ಕಡಿಮೆ ನೆಟ್ ಇರುವವರಿಗೆ ಬಂಡಲ್ ಚೆನ್ನ. ಇಡೀ ಚರಿತ್ರೆಯನ್ನು ಒಂದೇ ಕಡತವಾಗಿ ಕಟ್ಟುತ್ತದೆ:

ಗಿಟ್ ಬಂಡಲ್ ಕ್ರಿಯೇಟ್ ಪುಸ್ತಕ.ಬಂಡಲ್ --ಆಲ್

ಇದನ್ನು ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಕಳಿಸಿ. ಬರೀ ಪಠ್ಯವಾದ್ದರಿಂದ ಗಾತ್ರ ಚಿಕ್ಕದೇ ಇರುತ್ತದೆ. ಪಡೆದವರು ಮೊದಲ ಸಲ ಪೂರ್ತಿ ಪ್ರತಿ ತೆಗೆದುಕೊಳ್ಳಲು ‘ಗಿಟ್ ಕ್ಲೋನ್ ಪುಸ್ತಕ.ಬಂಡಲ್ ಪುಸ್ತಕ’ ಕೊಡಬೇಕು. ಮುಂದಿನ ಸಲ ಹೊಸ ಬಂಡಲನ್ನು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಇಟ್ಟು ‘ಗಿಟ್ ಪುಲ್’ ಅಂದರೆ ಸಾಕು, ಹೊಸ ಕಮಿಟ್‌ಗಳು ಬಂದು ಸೇರುತ್ತವೆ. ಅವರ ಕಡೆಯಿಂದ ಬರುವುದೂ ಇದೇ ರೀತಿ, ಅವರೂ ಒಂದು ಬಂಡಲ್ ಕಟ್ಟಿ ಕಳಿಸಲಿ. ನೀವು ‘ಗಿಟ್ ಪುಲ್ ಅವರದು.ಬಂಡಲ್ ಮೇನ್’ ಕೊಡಿ.

ಪೆನ್‌ಡ್ರೈವ್ ಆದರೆ ಅದರಲ್ಲಿ ಬೇರ್ ರಿಪೊ ಮಾಡಿ. ಬೇರ್ ಎಂದರೆ ಕೆಲಸದ ಕಡತಗಳಿಲ್ಲದ, ಚರಿತ್ರೆ ಮಾತ್ರ ಇರುವ ರಿಪೊ:

ಗಿಟ್ ಇನಿಟ್ --ಬೇರ್ --ಇನಿಶಿಯಲ್-ಬ್ರಾಂಚ್=ಮೇನ್ ಇ:/ಪುಸ್ತಕ.ಗಿಟ್
ಗಿಟ್ ರಿಮೋಟ್ ಆಡ್ ಪೆನ್ ಇ:/ಪುಸ್ತಕ.ಗಿಟ್
ಗಿಟ್ ಪುಶ್ ಪೆನ್ ಮೇನ್

ಇಲ್ಲಿ ಎರಡು ತೊಡಕು ಖಂಡಿತ ಬರುತ್ತವೆ. ಪೆನ್‌ಡ್ರೈವ್‌ನ ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್‌ಗಳಲ್ಲಿ ಕಡತದ ಒಡೆಯ ಯಾರೆಂದು ದಾಖಲಾಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ 2.35.2ರಿಂದ ಗಿಟ್ ಸುರಕ್ಷತೆಗಾಗಿ ಇದನ್ನು ಪರೀಕ್ಷಿಸಿ, ‘ಡ್ಯೂಬಿಯಸ್ ಓನರ್‌ಶಿಪ್’ ಎಂದು ನಿಂತುಬಿಡುತ್ತದೆ. ಆ ದಾರಿಯನ್ನು ನಂಬು ಎಂದು ಹೇಳಬೇಕು:

ಗಿಟ್ ಕಾನ್ಫಿಗ್ --ಗ್ಲೋಬಲ್ --ಆಡ್ ಸೇಫ್.ಡೈರೆಕ್ಟರಿ ಇ:/ಪುಸ್ತಕ.ಗಿಟ್

ಇನ್ನೊಂದು, ಬೇರೆ ಕಂಪ್ಯೂಟರಿನಲ್ಲಿ ಇ: ಹೋಗಿ ಎಫ್: ಆಗುತ್ತದೆ. ಆಗ ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಪೆನ್’ ಬರೆದು ಮುಂದೆ ಹೊಸ ದಾರಿ ಕೊಡಿ, ಸೇಫ್ ಡೈರೆಕ್ಟರಿಯನ್ನೂ ಹೊಸದಾಗಿ ಸೇರಿಸಿ.

ಕರಡುಕಟ್ಟು:
ಇಬ್ಬರೂ ಒಂದೇ ವಾಕ್ಯ ತಿದ್ದಿದರೆ?

ಬೇರುಕೊಂಬೆ:
ಪುಲ್ ಮಾಡಿದಾಗ ‘ಕಾನ್‌ಫ್ಲಿಕ್ಟ್’ ಎನ್ನುತ್ತದೆ. ಗಿಟ್ ತಪ್ಪು ಮಾಡಿತು ಎಂದು ತಿಳಿಯಬೇಡಿ. ಯಾರ ಪಾಠ ಸರಿ ಎಂದು ನಿರ್ಧರಿಸುವುದು ತನ್ನ ಕೆಲಸವಲ್ಲ ಎಂದು ಅದು ನಿಂತಿದೆ. ಕಡತ ತೆರೆದರೆ ಹೀಗಿರುತ್ತದೆ:

<<<<<<< ಹೆಡ್
ಅವನು ಊರಿಗೆ ಹೊರಟನು.
=======
ಅವನು ಊರಿಗೆ ಹೊರಟನ್.
>>>>>>> ಅವರ ಕಮಿಟ್‌ನ ಗುರುತು

ಮೇಲಿನದು ನಿಮ್ಮದು, ಕೆಳಗಿನದು ಅವರದು. ಮೂಲ ಪುಸ್ತಕದ ಪುಟ ತೆಗೆದು ನೋಡಿ, ಸರಿಯಾದ ವಾಕ್ಯ ಉಳಿಸಿ, ಮೂರೂ ಗುರುತಿನ ಸಾಲುಗಳನ್ನು ಅಳಿಸಿ, ಆಡ್ ಮಾಡಿ ಕಮಿಟ್ ಮಾಡಿ. ‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ ಎಂಬ ಸೆಟ್ಟಿಂಗ್‌ಗೆ ‘ಡಿಫ್3’ ಕೊಟ್ಟರೆ ಇಬ್ಬರೂ ಮುಟ್ಟುವ ಮೊದಲು ಏನಿತ್ತು ಎಂಬುದೂ ನಡುವೆ ಕಾಣುತ್ತದೆ. ಪಾಠ ಪರಿಷ್ಕರಣೆಗೆ ಅದು ಇರಲೇಬೇಕು. ಗೊಂದಲವಾದರೆ ‘ಗಿಟ್ ಮರ್ಜ್ --ಅಬಾರ್ಟ್’, ಪುಲ್‌ಗೆ ಮೊದಲಿನ ಸ್ಥಿತಿಗೆ ಬರುತ್ತದೆ. ಗುರುತುಗಳು ಅಳಿಸದೆ ಉಳಿದಿವೆಯೇ ಎಂದು ಕಮಿಟ್‌ಗೆ ಮೊದಲು ‘ಗಿಟ್ ಡಿಫ್ --ಚೆಕ್’ ಹೇಳುತ್ತದೆ.

ಗಿಟ್ 2.33ರಿಂದ ಈಚೆಗೆ, ಎರಡೂ ಕಡೆ ಹೊಸ ಕಮಿಟ್ ಇದ್ದರೆ ಪುಲ್ ‘ಹೇಗೆ ಸೇರಿಸಲಿ, ಹೇಳು’ ಎಂದು ನಿಲ್ಲುತ್ತದೆ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಪುಲ್.ರೀಬೇಸ್ ಫಾಲ್ಸ್’ ಕೊಟ್ಟರೆ ಬೆಸೆಯುವುದು (ಮರ್ಜ್) ಮಾಮೂಲಾಗುತ್ತದೆ.

ಹಳೇಸೇತುವೆ:
ರೀಬೇಸ್ ‘ಟ್ರೂ’ ಇಟ್ಟರೆ ಚರಿತ್ರೆ ನೇರ ಗೆರೆಯಾಗಿ ಬರುತ್ತದೆ, ಓದಲು ಹಿತ.

ಬೇರುಕೊಂಬೆ:
ಹಿತವೇನೋ ಹೌದು. ಆದರೆ ರೀಬೇಸ್ ಎಂದರೆ ಕಮಿಟ್‌ಗಳನ್ನು ಹೊಸದಾಗಿ ಬರೆಯುವುದು, ಗುರುತು ಸಂಖ್ಯೆಗಳೇ ಬದಲಾಗುತ್ತವೆ. ಬಂಡಲ್‌ನಲ್ಲಿ ಈಗಾಗಲೇ ಕಳಿಸಿದ ಕಮಿಟ್‌ಗಳನ್ನು ಹಾಗೆ ಮಾಡಿದರೆ ಒಂದೇ ತಿದ್ದುಪಡಿ ಎರಡೆರಡು ಸಲ ಬರುತ್ತದೆ. ಇವರ ಪರಿಸ್ಥಿತಿಯಲ್ಲಿ ಯಾವುದು ಯಾರಿಗೆ ತಲುಪಿದೆ ಎಂದು ನೆನಪಿಡುವುದು ಕಷ್ಟ. ಮೊದಲ ಆರು ತಿಂಗಳು ಮರ್ಜ್ ಇರಲಿ.

ಕರಡುಕಟ್ಟು:
ತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವುದು?

ಮಳೆಬಿಲ್ಲೆ:
ಎಲ್ಲಿಯವರೆಗೆ ಹೋಗಿತ್ತು ಎಂಬುದರ ಮೇಲೆ ನಿಂತಿದೆ. ಸ್ಟೇಜ್‌ಗೆ ಹಾಕಿದ್ದನ್ನು ಇಳಿಸಲು ‘ಗಿಟ್ ರಿಸ್ಟೋರ್ --ಸ್ಟೇಜ್ಡ್’ ಮತ್ತು ಕಡತದ ಹೆಸರು, ಬರೆದದ್ದು ಹಾಗೇ ಇರುತ್ತದೆ. ಕಮಿಟ್ ಸಂದೇಶ ತಪ್ಪಾದರೆ, ಇನ್ನೂ ಯಾರಿಗೂ ಕಳಿಸಿಲ್ಲದಿದ್ದರೆ ‘ಗಿಟ್ ಕಮಿಟ್ --ಅಮೆಂಡ್’. ಕಳಿಸಿಬಿಟ್ಟ ಕಮಿಟ್‌ನ ತಿದ್ದುಪಡಿಯನ್ನೇ ರದ್ದು ಮಾಡಬೇಕಾದರೆ ‘ಗಿಟ್ ರಿವರ್ಟ್’, ಅದು ಹಳೆಯದನ್ನು ಮುಟ್ಟದೆ ಉಲ್ಟಾ ಕಮಿಟ್ ಒಂದನ್ನು ಮೇಲೆ ಸೇರಿಸುತ್ತದೆ.

ಎಚ್ಚರ ಬೇಕಾದ್ದು ಎರಡು ಕಡೆ. ಬರೀ ‘ಗಿಟ್ ರಿಸ್ಟೋರ್’ ಕೊಟ್ಟರೆ ಸ್ಟೇಜ್‌ಗೂ ಹೋಗದ ತಿದ್ದುಪಡಿ ಶಾಶ್ವತವಾಗಿ ಹೋಯಿತು, ಗಿಟ್ ಅದನ್ನು ನೋಡಿಯೇ ಇರಲಿಲ್ಲ. ‘ಗಿಟ್ ರಿಸೆಟ್ --ಹಾರ್ಡ್’ ಕೂಡ ಹಾಗೆಯೇ. ಆದರೆ ಒಮ್ಮೆ ಕಮಿಟ್ ಆಗಿದ್ದರೆ, ರಿಸೆಟ್ ಮಾಡಿ ಕಳೆದುಕೊಂಡಂತೆ ಕಂಡರೂ ‘ಗಿಟ್ ರೆಫ್‌ಲಾಗ್’ನಲ್ಲಿ ಅದರ ಗುರುತು ಸಿಗುತ್ತದೆ. ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳ ಗುರುತನ್ನು ಅದು ಮಾಮೂಲಿಯಾಗಿ 30 ದಿನ, ಉಳಿದವನ್ನು 90 ದಿನ ಇಟ್ಟುಕೊಳ್ಳುತ್ತದೆ. ‘ಗಿಟ್ ಬ್ರಾಂಚ್ ಉಳಿಸಿದ್ದು’ ಎಂದು ಬರೆದು ಮುಂದೆ ಆ ಗುರುತು ಕೊಡಿ, ವಾಪಸ್ ಬರುತ್ತದೆ. ರೆಫ್‌ಲಾಗ್ ಆ ಕಂಪ್ಯೂಟರಿಗೆ ಮಾತ್ರ ಸೇರಿದ್ದು, ಕ್ಲೋನ್‌ನಲ್ಲಿ ಬರುವುದಿಲ್ಲ.

ಹಾಗಾಗಿ ಒಂದು ಪುಟ ಮುಗಿದ ಕೂಡಲೇ ಒಂದು ಕಮಿಟ್. ‘ಪುಟ 37: ಮೂಲದೊಂದಿಗೆ ಹೋಲಿಸಿದೆ’ ಎನ್ನುವಷ್ಟು ಸಂದೇಶ ಸಾಕು.

ಕರಡುಕಟ್ಟು:
ಪುಸ್ತಕದ ಸ್ಕ್ಯಾನ್ ಪಿಡಿಎಫ್ 160 ಎಂಬಿ ಇದೆ. ಅದನ್ನೂ ಆಡ್ ಮಾಡಿ ಕಮಿಟ್ ಮಾಡಿದ್ದೇನೆ. ಗಿಟ್ ರಿಪೊಗಳನ್ನು ನೆಟ್ಟಿನಲ್ಲಿ ಇಡುವ ಗಿಟ್‌ಹಬ್ ತಾಣಕ್ಕೆ ಹಾಕಲು ನೋಡಿದರೆ ಪಾಸ್‌ವರ್ಡ್ ಕೂಡ ತೆಗೆದುಕೊಳ್ಳುತ್ತಿಲ್ಲ.

ಬೇರುಕೊಂಬೆ:
ಪಾಸ್‌ವರ್ಡ್: 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಟರ್ಮಿನಲ್‌ನಿಂದ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲ್ ಆಕ್ಸೆಸ್ ಟೋಕನ್ ಮಾಡಿ, ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಅದನ್ನು ಕೊಡಿ. ಇಲ್ಲವೇ ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಓಡಿಸಿ, ಹುಟ್ಟುವ ಎರಡು ಕೀಲಿ ಕಡತಗಳಲ್ಲಿ ‘.ಪಬ್’ ಎಂದು ಮುಗಿಯುವುದನ್ನು ಮಾತ್ರ ಗಿಟ್‌ಹಬ್‌ಗೆ ಸೇರಿಸಿ. ಇನ್ನೊಂದು ಯಾರ ಕೈಗೂ ಹೋಗಬಾರದು. ಕಮಿಟ್‌ನಲ್ಲಿರುವ ಇಮೇಲ್ ಸಾರ್ವಜನಿಕ ರಿಪೊದಲ್ಲಿ ಎಲ್ಲರಿಗೂ ಕಾಣುತ್ತದೆ. ಬೇಡವಾದರೆ ಗಿಟ್‌ಹಬ್ ಕೊಡುವ ನೋ-ರಿಪ್ಲೈ ವಿಳಾಸವನ್ನು ಈಗಲೇ ಹಾಕಿಕೊಳ್ಳಿ.

ಪಿಡಿಎಫ್: ಒಂದು ಕಡತ 100 ಎಂಬಿ ದಾಟಿದರೆ ಗಿಟ್‌ಹಬ್ ಪುಶ್ ತಿರಸ್ಕರಿಸುತ್ತದೆ. ಮುಂದಿನ ಕಮಿಟ್‌ನಲ್ಲಿ ಅದನ್ನು ಅಳಿಸಿದರೂ ಪ್ರಯೋಜನವಿಲ್ಲ, ಹಿಂದಿನ ಕಮಿಟ್‌ನಲ್ಲಿ ಅದು ಇದ್ದೇ ಇದೆ, ಅದೂ ಜೊತೆಗೆ ಹೋಗುತ್ತದೆ. ಅದು ಕೊನೆಯ ಕಮಿಟ್ ಆಗಿದ್ದರೆ:

ಗಿಟ್ ಆರ್‌ಎಂ --ಕ್ಯಾಶ್ಡ್ ಮೂಲ.ಪಿಡಿಎಫ್
ಗಿಟ್ ಕಮಿಟ್ --ಅಮೆಂಡ್

ಕ್ಯಾಶ್ಡ್ ಎಂದಿದ್ದರೆ ಕಡತ ಡಿಸ್ಕ್‌ನಲ್ಲಿ ಉಳಿಯುತ್ತದೆ, ಗಿಟ್‌ನಿಂದ ಮಾತ್ರ ಹೊರಬರುತ್ತದೆ. ಬಿಟ್ಟರೆ ಡಿಸ್ಕ್‌ನಿಂದಲೂ ಅಳಿಯುತ್ತದೆ, ಜೋಕೆ. ಆಮೇಲೆ ‘.ಗಿಟ್‌ಇಗ್ನೋರ್’ ಕಡತದಲ್ಲಿ ‘*.ಪಿಡಿಎಫ್’ ಬರೆಯಿರಿ. ಈ ಕಡತ ಇನ್ನೂ ಗಿಟ್‌ಗೆ ಸೇರದವನ್ನು ಮಾತ್ರ ತಡೆಯುತ್ತದೆ, ಒಳಗಿರುವುದನ್ನು ಹೊರಹಾಕದು. ಹತ್ತಾರು ಕಮಿಟ್ ಹಿಂದೆ ಸೇರಿದ್ದರೆ ‘ಫಿಲ್ಟರ್-ರಿಪೊ’ ಎಂಬ ಬೇರೆ ಉಪಕರಣ ಬೇಕು. ಅದು ಚರಿತ್ರೆಯನ್ನೇ ಹೊಸದಾಗಿ ಬರೆಯುವುದರಿಂದ ಉಳಿದಿಬ್ಬರೂ ಮತ್ತೆ ಕ್ಲೋನ್ ಮಾಡಿಕೊಳ್ಳಬೇಕಾಗುತ್ತದೆ.

ಕರಡುಕಟ್ಟು:
ಅದೇ ಕೊನೆಯ ಕಮಿಟ್ ಆಗಿತ್ತು, ತೆಗೆದೆ, ಪುಶ್ ಆಯಿತು. ಸಿಂಗಪುರದವರ ಮ್ಯಾಕ್‌ನಲ್ಲಿ ಮಾತ್ರ ‘ಕೋ’, ‘ಮೊ’ ಇರುವ ಹೆಸರಿನ ಕಡತಗಳು ಕ್ಲೋನ್ ಆದ ಕೂಡಲೇ ಎರಡೆರಡು ಇದ್ದಂತೆ ತೋರಿಸುತ್ತಿದೆ.

ಅಕ್ಷರಪಾಲ:
ಯೂನಿಕೋಡ್‌ನಲ್ಲಿ ‘ಮೊ’ದ ಒ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ‘ಕೋ’ದ ಓ-ಕಾರವೂ ಹೀಗೆಯೇ ಬಿಡಿಯಾಗುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಕಡತದ ಹೆಸರುಗಳನ್ನು ಬಿಡಿಸಿ ಇಡುತ್ತದೆ. ಗಿಟ್ ಹೆಸರುಗಳನ್ನು ಬೈಟ್‌ಗಳಾಗಿ ಹೋಲಿಸುವುದರಿಂದ ಎರಡೂ ಬೇರೆ ಎನಿಸುತ್ತದೆ. ಅವರು ಆ ರಿಪೊದಲ್ಲಿ ‘ಗಿಟ್ ಕಾನ್ಫಿಗ್ ಕೋರ್.ಪ್ರಿಕಂಪೋಸ್‌ಯೂನಿಕೋಡ್ ಟ್ರೂ’ ಕೊಟ್ಟು ಮತ್ತೆ ಸ್ಟೇಟಸ್ ನೋಡಲಿ. ಈ ಸೆಟ್ಟಿಂಗ್ ಹೆಸರುಗಳಿಗೆ ಮಾತ್ರ, ಕಡತದ ಒಳಗಿನ ಪಠ್ಯವನ್ನು ಗಿಟ್ ಮುಟ್ಟುವುದಿಲ್ಲ.

ಪೂರ್ತಿ ತಪ್ಪಿಸಬೇಕೆಂದರೆ ಕಡತಗಳ ಹೆಸರನ್ನು ಬರೀ ಅಂಕಿಗಳಿಂದ ಇಡಿ: 001, 002, ಹೀಗೆ. ಅಧ್ಯಾಯದ ಕನ್ನಡ ಹೆಸರು ಒಳಗಿನ ಮೊದಲ ಸಾಲಿನಲ್ಲಿರಲಿ. ಹೆಸರು ಬದಲಿಸುವಾಗ ‘ಗಿಟ್ ಎಂವಿ’ ಬಳಸಿ, ಒಳಗಿನ ಪಠ್ಯವನ್ನು ಅದೇ ಕಮಿಟ್‌ನಲ್ಲಿ ತಿದ್ದಬೇಡಿ. ಗಿಟ್ ಹೆಸರು ಬದಲಾದದ್ದನ್ನು ಬರೆದಿಡುವುದಿಲ್ಲ, ಎರಡು ಕಡತಗಳ ಹೋಲಿಕೆ ನೋಡಿ ಊಹಿಸುತ್ತದೆ. ಪಠ್ಯ ಹಾಗೇ ಇದ್ದರೆ ಆ ಊಹೆ ತಪ್ಪುವುದಿಲ್ಲ, ‘ಗಿಟ್ ಲಾಗ್ --ಫಾಲೋ 001.ಎಂಡಿ’ ಕೊಟ್ಟಾಗ ಹಳೆಯ ಹೆಸರಿನ ಕಾಲದ ಕಮಿಟ್‌ಗಳೂ ಸಿಗುತ್ತವೆ.